ಮನೆಯೊಳಗಿನ ಸೈಕಲ್ ಸವಾರಿ: ಸ್ಮಾರ್ಟ್ ಟ್ರೈನರಿನ ಗುಣವೂ ದೋಷವೂ

ಚೆನ್ನೈ ನಗರದ ನಿವಾಸಿಗಳಿಗೆ ವ್ಯಾಯಾಮದ ಅಗತ್ಯವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಅದಕ್ಕೆ ತಕ್ಕ ಹೊತ್ತು ಮತ್ತು ತಕ್ಕ ಸ್ಥಳ ದೊರೆಯುವುದೇ ಇಲ್ಲಿನ ಕಷ್ಟ. ಏಪ್ರಿಲಿನಿಂದ ಜೂನ್ ಮುಗಿಯುವವರೆಗೆ ಸೂರ್ಯೋದಯವಾದ ಸ್ವಲ್ಪ ಹೊತ್ತಿನಲ್ಲೇ ಬಿಸಿಲು ಚುರುಗುಟ್ಟತೊಡಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. 2015ರ ಡಿಸೆಂಬರಿನ ಪ್ರವಾಹವನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಕಂಡವರಿಗೆ ಆ ತಿಂಗಳುಗಳಲ್ಲಿ ರಸ್ತೆಗಳ ಸ್ಥಿತಿ ಹೇಗಿರುತ್ತದೆಂಬುದು ತಿಳಿದೇ ಇದೆ. ಪೂರ್ವ ಕರಾವಳಿ ರಸ್ತೆಯಲ್ಲಿ ಬೆಳಗಿನ ಜಾವ ಮಹಾಬಲಿಪುರದ ಕಡೆಗೆ ಸೈಕಲ್ ತುಳಿಯುವ ಉತ್ಸಾಹಿಗಳು ಇದ್ದಾರೆ. ಆದರೆ ವೇಗವಾಗಿ ಧಾವಿಸುವ ವಾಹನಗಳ ನಡುವೆ ಐವತ್ತು ದಾಟಿದವರನ್ನು ಆ ಸಾಹಸಕ್ಕೆ ಕಳುಹಿಸಲು ಮನೆಯವರು ಹಿಂಜರಿಯುವುದು ಸಹಜ. 2020ರ ಮಾರ್ಚಿನಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗಲಂತೂ ಮನೆಯೊಳಗೆ ನಡೆಸಬಹುದಾದ ವ್ಯಾಯಾಮವೊಂದೇ ಉಳಿದ ದಾರಿಯಾಯಿತು.

ವ್ಯಾಯಾಮವನ್ನು ಮುಂದೂಡುವುದರ ಬೆಲೆಯೂ ಅಲ್ಪವಲ್ಲ. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜೊತೆಗೂಡಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿ ಮಧುಮೇಹಿಗಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗದರ್ಶನದಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು. ಇದನ್ನು ಮನೆಯ ನಾಲ್ಕು ಗೋಡೆಗಳ ನಡುವೆಯೇ ಪೂರೈಸುವ ಸಾಧನಗಳ ಪೈಕಿ ಸ್ಮಾರ್ಟ್ ಸೈಕಲ್ ಟ್ರೈನರ್ ಇತ್ತೀಚೆಗೆ ಹೆಚ್ಚು ಪ್ರಚಾರಕ್ಕೆ ಬಂದಿದೆ. ಅದರ ಬೆಲೆ ಹೆಚ್ಚು. ಅದು ತೋರಿಸುವ ಅಂಕಿಗಳ ಮೇಲೆ ಜನ ಇಡುವ ವಿಶ್ವಾಸವೂ ಹೆಚ್ಚು. ಆದುದರಿಂದ ಅದರ ಗುಣಾವಗುಣಗಳನ್ನು ಅರಿತುಕೊಳ್ಳುವುದು ಉಪಯುಕ್ತ.

ಯಂತ್ರದ ಪೂರ್ವೇತಿಹಾಸ

ನಿಂತಲ್ಲೇ ತುಳಿಯುವ ಸೈಕಲ್ ಮೊದಲು ಬೆಳೆದುದು ಪ್ರಯೋಗಶಾಲೆಯಲ್ಲಿ. ಮುಂದೆ 1920ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಆಗಸ್ಟ್ ಕ್ರೋಗ್, ಸ್ನಾಯುಗಳ ಕೆಲಸವನ್ನು ಅಳೆಯಲು ವಿದ್ಯುತ್ಕಾಂತೀಯ ತಡೆಯುಳ್ಳ ಸೈಕಲ್ಲೊಂದನ್ನು ರಚಿಸಿ 1913ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. 1954ರಲ್ಲಿ ಸ್ವೀಡನ್ನಿನ ಫಾನ್ ಡೋಬೆಲ್ನ್ ಎಂಬ ವಿಜ್ಞಾನಿ, ಚಕ್ರದ ಸುತ್ತ ಪಟ್ಟಿಯನ್ನು ಬಿಗಿಯುವ ಸರಳ ಮಾದರಿಯೊಂದನ್ನು ವಿವರಿಸಿದನು. ಆಸ್ಪತ್ರೆಗಳಲ್ಲಿ ಹೃದಯದ ಶಕ್ತಿಯನ್ನು ಪರೀಕ್ಷಿಸಲು ಬಳಸುವ ಸೈಕಲ್‌ಗಳು ಈ ವಂಶಕ್ಕೆ ಸೇರಿದವು. 1980ರ ದಶಕದಲ್ಲಿ ಅಮೆರಿಕದಲ್ಲಿ ಕಂಪ್ಯೂಟರಿಗೆ ಜೋಡಿಸುವ ಟ್ರೈನರುಗಳು ಮಾರುಕಟ್ಟೆಗೆ ಬಂದವು. 2012ರಲ್ಲಿ ಅಲ್ಲಿನ ವಾಹೂ ಸಂಸ್ಥೆಯ ‘ಕಿಕರ್’ ಬಂದ ಮೇಲೆ, ಹಿಂದಿನ ಚಕ್ರವನ್ನು ಕಳಚಿ ಸೈಕಲ್ಲನ್ನು ನೇರವಾಗಿ ಯಂತ್ರಕ್ಕೆ ಕೂಡಿಸುವ ಪದ್ಧತಿ ಎಲ್ಲೆಡೆ ಹರಡಿತು.

ಸೈಕಲ್ ಚೆನ್ನೈಗೆ ಹೊಸದೇನಲ್ಲ. 1949ರಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್ ಸಂಸ್ಥೆಯ ಅಂಬತ್ತೂರಿನ ಕಾರ್ಖಾನೆಯಿಂದ ಹೊರಟ ಹರ್ಕ್ಯುಲಿಸ್ ಮತ್ತು ಬಿ.ಎಸ್.ಎ. ಸೈಕಲ್‌ಗಳು ನಾಡಿನಾದ್ಯಂತ ಓಡಿವೆ. ಅಂದು ಕಚೇರಿಗೆ, ಶಾಲೆಗೆ, ಅಂಗಡಿಗೆ ಸೈಕಲ್ ತುಳಿಯುತ್ತಿದ್ದವರಿಗೆ ವ್ಯಾಯಾಮ ತಾನಾಗಿಯೇ ದೊರೆಯುತ್ತಿತ್ತು. ಇಂದು ಅದನ್ನು ಹಣ ಕೊಟ್ಟು ಮನೆಗೆ ತರಬೇಕಾಗಿದೆ.

ಸ್ಮಾರ್ಟ್ ಟ್ರೈನರಿನಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ. ಮೊದಲನೆಯದು, ಫ್ಲೈವೀಲ್ ಎಂಬ ಭಾರವಾದ ಚಕ್ರ. ಎರಡನೆಯದು, ಅದನ್ನು ತಡೆಯುವ ವಿದ್ಯುತ್ಕಾಂತ. ಮೂರನೆಯದು, ತುಳಿತದ ಬಲವನ್ನು ವ್ಯಾಟ್‌ಗಳಲ್ಲಿ ಲೆಕ್ಕ ಹಾಕಿ ನಿಸ್ತಂತು ಮಾರ್ಗದಿಂದ ಮೊಬೈಲಿಗೋ ಟಿ.ವಿ.ಗೋ ಕಳುಹಿಸುವ ವಿದ್ಯುನ್ಮಾನ ಭಾಗ. ಪರದೆಯ ಮೇಲೆ ಬೆಟ್ಟದ ರಸ್ತೆ ಬಂದರೆ ವಿದ್ಯುತ್ಕಾಂತ ಬಿಗಿಯಾಗುತ್ತದೆ, ಇಳಿಜಾರು ಬಂದರೆ ಸಡಿಲಾಗುತ್ತದೆ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಕವಿದ್ದು, ನೂರಕ್ಕೆ ಐದರ ಏರಿನಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಏರುವುದಾದರೆ, ಭೂಮಿಯ ಸೆಳೆತವನ್ನು ಮೀರಲೆಂದೇ ಸುಮಾರು 130 ವ್ಯಾಟ್ ಬೇಕು. ಯಂತ್ರ ಇಂಥ ಲೆಕ್ಕವನ್ನು ಮಾಡಿ, ಅಷ್ಟೇ ಭಾರವನ್ನು ಕಾಲಿಗೆ ಒಡ್ಡುತ್ತದೆ. ಹೀಗೆ ಚೆನ್ನೈಯ ಸಮತಟ್ಟಾದ ನೆಲದಲ್ಲಿದ್ದುಕೊಂಡೇ ನಂದಿಬೆಟ್ಟದಂಥ ಏರಿನ ಶ್ರಮವನ್ನು ಅನುಭವಿಸಬಹುದು.

ಸವಾರಿಯ ಅನುಭವ ಏಕೆ ಬೇರೆ?

ಆದರೂ ಟ್ರೈನರಿನ ಮೇಲೆ ಮೊದಲ ಬಾರಿ ಕುಳಿತವರು ‘ಇದು ರಸ್ತೆಯಂತಿಲ್ಲ’ ಎನ್ನುತ್ತಾರೆ. ಇದಕ್ಕೆ ಕಾರಣ ಜಡತ್ವ. ಪೆಡಲ್ ಮುಂದಕ್ಕೆ ಬಂದಾಗ ಕಾಲಿನ ಬಲ ಹೆಚ್ಚು. ಅದು ತೀರ ಮೇಲೆ ಅಥವಾ ತೀರ ಕೆಳಗೆ ಇದ್ದಾಗ ಬಲ ಬಹುಮಟ್ಟಿಗೆ ಇಲ್ಲವಾಗುತ್ತದೆ. ರಸ್ತೆಯ ಮೇಲೆ ಈ ಕೊರತೆ ಅನುಭವಕ್ಕೆ ಬರುವುದಿಲ್ಲ. 80 ಕಿಲೋ ತೂಕ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಚಲಿಸುವಾಗ ಅದರಲ್ಲಿ ಸುಮಾರು 2,780 ಜೂಲ್ ಚಲನಶಕ್ತಿ ಸಂಗ್ರಹವಾಗಿರುತ್ತದೆ. ಅದು ಪೆಡಲನ್ನು ನಿರ್ಬಲ ಸ್ಥಾನದಿಂದ ದಾಟಿಸಿಬಿಡುತ್ತದೆ. ಮನೆಯಲ್ಲಿ ಸವಾರನ ದೇಹ ಚಲಿಸುವುದೇ ಇಲ್ಲ. ಆ ಕೆಲಸವನ್ನು ಕೆಲವೇ ಕಿಲೋ ತೂಕದ ಫ್ಲೈವೀಲ್ ಮಾಡಬೇಕು. ಚಕ್ರ ಹಗುರವಾದಷ್ಟೂ ತುಳಿತ ಕೆಸರಿನಲ್ಲಿ ನಡೆದಂತೆ ತಡೆತಡೆದು ಸಾಗುತ್ತದೆ. ಚಕ್ರ ಭಾರವಾಗಿದ್ದು ವೇಗವಾಗಿ ತಿರುಗಿದಷ್ಟೂ ನಯವಾಗುತ್ತದೆ. ಫ್ಲೈವೀಲೇ ಇಲ್ಲದೆ, ಮೋಟಾರಿನಿಂದಲೇ ಜಡತ್ವದ ಅನುಭವವನ್ನು ಉಂಟುಮಾಡುವ ಯಂತ್ರಗಳೂ ಇವೆ.

ಇಲ್ಲಿ ಗಿಯರಿನ ಪಾತ್ರವೂ ಇದೆ. ತಿರುಗುವ ಚಕ್ರದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಆದುದರಿಂದ ಒಂದೇ ವ್ಯಾಟಿನ ಶ್ರಮವನ್ನು ದೊಡ್ಡ ಗಿಯರಿನಲ್ಲಿ ಮಾಡಿದರೆ ಸಮತಟ್ಟಾದ ರಸ್ತೆಯ ಅನುಭವ, ಚಿಕ್ಕ ಗಿಯರಿನಲ್ಲಿ ಮಾಡಿದರೆ ಬೆಟ್ಟದ ಅನುಭವ. ಇದು ಅಸಹಜವೇನಲ್ಲ. ನಿಜವಾದ ಬೆಟ್ಟದಲ್ಲಿಯೂ ಗಂಟೆಗೆ 10 ಕಿಲೋಮೀಟರ್ ವೇಗಕ್ಕೆ ಇಳಿದ ಸವಾರನ ಚಲನಶಕ್ತಿ, 30 ಕಿಲೋಮೀಟರ್ ವೇಗದಲ್ಲಿದ್ದುದರ ಒಂಬತ್ತನೆಯ ಒಂದು ಪಾಲು ಮಾತ್ರ. ಮೊಣಕಾಲು ನೋವಿರುವವರು ಯಾವ ಗಿಯರಿನಲ್ಲಿ ತುಳಿತ ನಯವಾಗಿದೆಯೆಂಬುದನ್ನು ಕಂಡುಕೊಂಡು ಅದನ್ನೇ ಬಳಸುವುದು ಮೇಲು.

ಬಹಳ ಜನರನ್ನು ಗಾಬರಿಗೊಳಿಸುವ ಇನ್ನೊಂದು ಸಂಗತಿಯಿದೆ. ‘ಅರ್ಗ್’ ಎಂಬ ವಿಧಾನದಲ್ಲಿ, ನಿಗದಿಯಾದ ವ್ಯಾಟನ್ನು ಯಂತ್ರವೇ ಕಾಯ್ದುಕೊಳ್ಳುತ್ತದೆ. ಸವಾರ ದಣಿದು ನಿಧಾನವಾದರೆ ಯಂತ್ರ ಕನಿಕರಿಸುವುದಿಲ್ಲ; ವ್ಯಾಟು ಇಳಿಯದಿರಲೆಂದು ತಡೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಉದಾಹರಣೆಗೆ 150 ವ್ಯಾಟಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿಯುತ್ತಿದ್ದವರು 45 ಸುತ್ತಿಗೆ ಇಳಿದರೆ, ಪ್ರತಿ ತುಳಿತದಲ್ಲೂ ಹಾಕಬೇಕಾದ ಬಲ ಎರಡರಷ್ಟಾಗುತ್ತದೆ. ಆಗ ವೇಗ ಮತ್ತಷ್ಟು ಕುಗ್ಗಿ, ತಡೆ ಮತ್ತಷ್ಟು ಏರಿ, ಕೊನೆಗೆ ಪೆಡಲ್ ನಿಂತೇಹೋಗುತ್ತದೆ. ಇದು ಯಂತ್ರ ಕೆಟ್ಟ ಲಕ್ಷಣವಲ್ಲ, ಅದರ ಸ್ವಭಾವ. ಇಂಥ ಸಂದರ್ಭದಲ್ಲಿ ಬಲ ಹಾಕಿ ಹೋರಾಡಬಾರದು. ತುಳಿತವನ್ನು ನಿಲ್ಲಿಸಿ, ವ್ಯಾಟನ್ನು ಇಳಿಸಿ, ಮತ್ತೆ ಆರಂಭಿಸಬೇಕು. ವಯಸ್ಸಾದವರಿಗೂ ಹೊಸಬರಿಗೂ ತಡೆಯನ್ನು ತಾವೇ ಏರಿಳಿಸಿಕೊಳ್ಳುವ ವಿಧಾನ ಹೆಚ್ಚು ಕ್ಷೇಮ.

ಮೂರನೆಯ ವ್ಯತ್ಯಾಸ, ಸೈಕಲ್ ಅಲುಗಾಡದೆ ನಿಲ್ಲುವುದು. ರಸ್ತೆಯಲ್ಲಿ ಸೈಕಲ್ ಅತ್ತಿತ್ತ ವಾಲುತ್ತದೆ, ಸವಾರ ಆಗಾಗ ಸೀಟಿನಿಂದ ಏಳುತ್ತಾನೆ. ಟ್ರೈನರಿನ ಮೇಲೆ ಒಂದೇ ಭಂಗಿಯಲ್ಲಿ ಕುಳಿತಿರುವುದರಿಂದ ತೊಡೆಸಂದಿನ ನರಗಳ ಮೇಲೂ ರಕ್ತನಾಳಗಳ ಮೇಲೂ ಒತ್ತಡ ಬಿದ್ದು ಜೋಮು ಹಿಡಿಯಬಹುದು. ಹತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಲ್ಲುವುದು ಇದಕ್ಕೆ ಸುಲಭ ಪರಿಹಾರ. ಬಿದ್ದು ಪೆಟ್ಟಾಗುವ ಭಯ ಕಡಿಮೆ ಎಂಬುದು ಈ ಸ್ಥಿರತೆಯ ಲಾಭ. ಆದರೆ ಸಮತೋಲನದ ಅಭ್ಯಾಸ ಇದರಿಂದ ದೊರೆಯುವುದಿಲ್ಲ. ದೇಹದ ಭಾರ ಮೂಳೆಗಳ ಮೇಲೆ ಬೀಳದ ಕಾರಣ ಮೂಳೆಗಳೂ ಅಷ್ಟಾಗಿ ಬಲಗೊಳ್ಳುವುದಿಲ್ಲ. ಟ್ರೈನರ್ ಇದ್ದರೂ ನಡಿಗೆಯನ್ನು ಬಿಡಬಾರದು.

ಚೆನ್ನೈಯ ಸೆಕೆ

ಕಾಲಿನ ಸ್ನಾಯುಗಳು ತಮಗೆ ದೊರೆತ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲನ್ನು ಕೆಲಸವಾಗಿ ಪರಿವರ್ತಿಸುತ್ತವೆ; ಉಳಿದುದು ಶಾಖ. 150 ವ್ಯಾಟಿನ ತುಳಿತಕ್ಕೆ ದೇಹ ಸುಮಾರು 600 ವ್ಯಾಟ್ ವ್ಯಯಿಸಿ, 450 ವ್ಯಾಟನ್ನು ಶಾಖವಾಗಿ ಹೊರಹಾಕಬೇಕಾಗುತ್ತದೆ. ಯಂತ್ರ ನುಂಗಿದ 150 ವ್ಯಾಟೂ ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಅಂದರೆ ಮುಚ್ಚಿದ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯೊಂದನ್ನು ಕಾಯಿಸಿಟ್ಟಂತೆಯೇ ಸರಿ.

ಈ ಶಾಖವನ್ನು ಕಳೆಯಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. 450 ವ್ಯಾಟ್ ಶಾಖವನ್ನು ಬೆವರೊಂದರಿಂದಲೇ ಕಳೆಯಬೇಕಾದರೆ ಗಂಟೆಗೆ ಸುಮಾರು ಮುಕ್ಕಾಲು ಲೀಟರಿನಷ್ಟು ಬೆವರು ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರು ದೇಹವನ್ನು ತಂಪುಗೊಳಿಸುವುದಿಲ್ಲ. ಚರ್ಮದ ಮೇಲೆ ಆರಿದ ಬೆವರು ಮಾತ್ರ ತಂಪು ನೀಡುತ್ತದೆ. ಕಡಲತೀರದ ತೇವಭರಿತ ಗಾಳಿಯಲ್ಲಿ ಬೆವರು ಆರುವುದೇ ಕಷ್ಟ. ರಸ್ತೆಯ ಮೇಲಾದರೆ ಎದುರುಗಾಳಿಯ ನೆರವು ಇರುತ್ತದೆ. ಮನೆಯೊಳಗೆ ಅದೂ ಇಲ್ಲ. ಪರಿಣಾಮವಾಗಿ ರಕ್ತ ಚರ್ಮದ ಕಡೆಗೆ ಹರಿದು, ಅದೇ ಶ್ರಮಕ್ಕೆ ಹೃದಯ ಇನ್ನಷ್ಟು ವೇಗವಾಗಿ ಬಡಿಯಬೇಕಾಗುತ್ತದೆ. ಅರ್ಧ ಗಂಟೆಯಾದ ಮೇಲೆ ವ್ಯಾಟು ಏರದಿದ್ದರೂ ನಾಡಿ ಏರುತ್ತಿದ್ದರೆ ಸೆಕೆಯೇ ಅದಕ್ಕೆ ಕಾರಣವಾಗಿರಬಹುದು. ಆದುದರಿಂದ ಫ್ಯಾನ್ ಇಲ್ಲಿ ಭೋಗವಸ್ತುವಲ್ಲ, ಟ್ರೈನರಿನಷ್ಟೇ ಅಗತ್ಯವಾದ ಉಪಕರಣ. ಎತ್ತರದ ಪೆಡೆಸ್ಟಲ್ ಫ್ಯಾನನ್ನು ಎದೆಗೆ ನೇರವಾಗಿ ಇರಿಸಿ, ಕಿಟಕಿಗಳನ್ನು ತೆರೆದು, ಬೆಳಗಿನ ಹೊತ್ತಿನಲ್ಲಿ ತುಳಿಯುವುದು ಉತ್ತಮ. ಕುಡಿಯುವ ನೀರು ಕೈಗೆಟುಕುವಂತಿರಲಿ.

ಅಂಕಿಗಳನ್ನು ಎಷ್ಟು ನಂಬಬೇಕು?

ತಯಾರಕರು ತಮ್ಮ ಯಂತ್ರದ ಅಳತೆಯಲ್ಲಿ ನೂರಕ್ಕೆ ಒಂದು, ಎರಡು ಅಥವಾ ಐದರಷ್ಟು ಹೆಚ್ಚುಕಡಿಮೆ ಇರಬಹುದೆಂದು ಯಂತ್ರದ ದರ್ಜೆಗೆ ತಕ್ಕಂತೆ ತಿಳಿಸುತ್ತಾರೆ. ಆದರೆ ಕೋಣೆಯ ಉಷ್ಣತೆ ಈ ಲೆಕ್ಕವನ್ನು ಕದಡಬಲ್ಲುದು. ಲೋಹ ಕಾದಂತೆ ವಿದ್ಯುತ್ಕಾಂತದ ತಡೆಯ ಗುಣ ಬದಲಾಗುತ್ತದೆ, ಬೆಲ್ಟಿನ ಬಿಗಿ ವ್ಯತ್ಯಾಸವಾಗುತ್ತದೆ. ಈ ಕಾರಣದಿಂದಲೇ ಹಲವು ಯಂತ್ರಗಳಲ್ಲಿ ‘ಸ್ಪಿನ್‌ಡೌನ್’ ಎಂಬ ಹೊಂದಾಣಿಕೆಯ ಕ್ರಮವನ್ನು ಇಟ್ಟಿರುತ್ತಾರೆ. ಚಕ್ರವನ್ನು ವೇಗವಾಗಿ ತಿರುಗಿಸಿ ಕಾಲು ನಿಲ್ಲಿಸಿದರೆ, ಅದು ನಿಧಾನವಾಗಲು ತೆಗೆದುಕೊಳ್ಳುವ ಕಾಲವನ್ನು ಅಳೆದು ಯಂತ್ರ ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ತುಳಿದು ಯಂತ್ರ ಕಾದ ಮೇಲೆಯೇ ಇದನ್ನು ಮಾಡತಕ್ಕದ್ದು. ಟ್ರೈನರನ್ನು ಬೇರೆ ಕೋಣೆಗೆ ಸಾಗಿಸಿದಾಗ ಇದನ್ನು ಮರೆಯಬಾರದು. ತಾವೇ ಹೊಂದಿಸಿಕೊಳ್ಳುವ ಯಂತ್ರಗಳಿಗೆ ಈ ಕ್ರಮ ಬೇಕಿಲ್ಲ.

ಪಂದ್ಯಾಟದ ಪಟುವಿಗೆ ಹತ್ತು ವ್ಯಾಟಿನ ತಪ್ಪು ಬೇಸರ ತರುವ ಸಂಗತಿ, ಅಷ್ಟೆ. ಹೃದ್ರೋಗಿಗೆ ಅದು ಹಾಗಲ್ಲ. ಆಂಜಿಯೋಪ್ಲಾಸ್ಟಿಯೋ ಬೈಪಾಸ್ ಶಸ್ತ್ರಚಿಕಿತ್ಸೆಯೋ ಆದವರಿಗೆ ವೈದ್ಯರು ಪರೀಕ್ಷೆ ಮಾಡಿ, ಇಂತಿಷ್ಟೇ ಶ್ರಮವೆಂದು ಮಿತಿ ಹಾಕಿಕೊಡುವುದುಂಟು. ಆಸ್ಪತ್ರೆಯ ಯಂತ್ರದ ವ್ಯಾಟೂ ಮನೆಯ ಯಂತ್ರದ ವ್ಯಾಟೂ ಒಂದೇ ಎಂದು ಭಾವಿಸುವುದು ತಪ್ಪು. ಅಂತೆಯೇ, ಬೀಟಾ ಬ್ಲಾಕರ್ ವರ್ಗದ ಮಾತ್ರೆ ಸೇವಿಸುವವರಲ್ಲಿ ಶ್ರಮ ಹೆಚ್ಚಾದರೂ ನಾಡಿ ಅದಕ್ಕೆ ತಕ್ಕಂತೆ ಏರುವುದಿಲ್ಲ. ಹೀಗಿರಲು ಪರದೆಯ ಅಂಕಿಗಿಂತ ಸ್ವಂತ ಉಸಿರೇ ನಂಬಲರ್ಹವಾದ ಮಾಪಕ. ತುಳಿಯುತ್ತ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ ಶ್ರಮ. ಮಾತೇ ತುಂಡುತುಂಡಾಗಿ ಹೊರಟರೆ ಮಿತಿ ದಾಟಿದೆಯೆಂದು ತಿಳಿಯಬೇಕು.

ಎದೆಯಲ್ಲಿ ಒತ್ತಿದಂತಾಗುವುದು, ದವಡೆಗೋ ತೋಳಿಗೋ ಹರಡುವ ನೋವು, ತಲೆ ಸುತ್ತುವುದು, ತಣ್ಣನೆಯ ಬೆವರು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ನಿಲ್ಲಿಸಿ, ತಡಮಾಡದೆ 108 ಸಂಖ್ಯೆಗೆ ಕರೆ ಮಾಡಬೇಕು. ಮನೆಯಲ್ಲಿ ಒಬ್ಬರೇ ಇರುವಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ತುಳಿಯುವುದು ವಿವೇಕವಲ್ಲ. ಇನ್ಸುಲಿನ್ ಅಥವಾ ಸಕ್ಕರೆ ತೀರ ಇಳಿಯಬಹುದಾದ ಮಾತ್ರೆಗಳನ್ನು ಸೇವಿಸುವ ಮಧುಮೇಹಿಗಳು ಆರಂಭಕ್ಕೆ ಮುನ್ನ ರಕ್ತದ ಸಕ್ಕರೆಯನ್ನು ನೋಡಿಕೊಂಡು, ಗ್ಲೂಕೋಸನ್ನು ಹತ್ತಿರವೇ ಇಟ್ಟುಕೊಳ್ಳಬೇಕು. ಪಾದದ ಸ್ಪರ್ಶಜ್ಞಾನ ಕುಗ್ಗಿರುವವರಿಗೆ ಪೆಡಲಿನಿಂದಾದ ಗಾಯ ತಿಳಿಯದೆ ಹೋಗಬಹುದು. ಅವರು ಬರಿಗಾಲಿನಲ್ಲಿ ತುಳಿಯಲೇಬಾರದು.

ಯಂತ್ರದ ಚೇಷ್ಟೆಗಳು

ಟ್ರೈನರುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಎಲ್ಲವೂ ಯಂತ್ರದ ದೋಷಗಳಲ್ಲ. ಮೊದಲನೆಯದು ಸಂಪರ್ಕ ಕಡಿದುಹೋಗುವುದು. ಬ್ಲೂಟೂತ್, ಆಂಟ್ ಪ್ಲಸ್, ಬಹುತೇಕ ಮನೆಗಳ ವೈಫೈ ಮತ್ತು ಅಡಿಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ 2.4 ಗಿಗಾಹರ್ಟ್ಜ್ ಸುಮಾರಿನ ಅಲೆಗಳನ್ನೇ ಬಳಸುತ್ತವೆ. ಒತ್ತೊತ್ತಾಗಿ ಮನೆಗಳಿರುವ ಅಪಾರ್ಟ್‌ಮೆಂಟುಗಳಲ್ಲಿ ಇವು ಒಂದಕ್ಕೊಂದು ಅಡ್ಡ ಬರುವುದುಂಟು. ಪರದೆಯ ಸಾಧನವನ್ನು ಟ್ರೈನರಿನ ಸಮೀಪಕ್ಕೆ ತಂದರೆ ಅನೇಕ ವೇಳೆ ತೊಂದರೆ ನೀಗುತ್ತದೆ. ಅಲ್ಲದೆ, ಬ್ಲೂಟೂತಿನಲ್ಲಿ ಬಹಳಷ್ಟು ಯಂತ್ರಗಳು ಒಂದೆರಡು ಸಾಧನಗಳಿಗಿಂತ ಹೆಚ್ಚಿನವುಗಳೊಡನೆ ಏಕಕಾಲದಲ್ಲಿ ಸಂಪರ್ಕವಿಡಲಾರವು. ಮನೆಯ ಇನ್ನೊಂದು ಮೊಬೈಲ್ ಮೊದಲೇ ಸಂಪರ್ಕ ಹಿಡಿದಿದ್ದರೆ ಟಿ.ವಿ.ಗೆ ಟ್ರೈನರ್ ಕಾಣಿಸದೆ ಹೋಗಬಹುದು.

ಎರಡನೆಯದು ವಿದ್ಯುತ್ತು. ಕರೆಂಟು ಹೋದೊಡನೆ ಕೆಲವು ಯಂತ್ರಗಳಲ್ಲಿ ತಡೆ ಒಮ್ಮೆಗೇ ಇಲ್ಲವಾಗಿ ಪೆಡಲ್ ಹಗುರವಾಗುತ್ತದೆ. ಎದ್ದು ನಿಂತು ತುಳಿಯುತ್ತಿದ್ದವರು ಆಗ ಮುಗ್ಗರಿಸಬಹುದು. ಗುಡುಗು ಸಿಡಿಲಿನ ಸಮಯದಲ್ಲಿ ಪ್ಲಗ್ಗನ್ನು ಕಳಚಿಡುವುದು ಕ್ಷೇಮ. ಅಡಾಪ್ಟರ್ ಕೆಟ್ಟರೆ ಅದೇ ವೋಲ್ಟೇಜಿನದನ್ನೇ ಕೊಳ್ಳಬೇಕು; ಸೇರುತ್ತದೆಂಬ ಕಾರಣಕ್ಕೆ ಯಾವುದೋ ಒಂದನ್ನು ಸಿಕ್ಕಿಸಬಾರದು. ವಿದ್ಯುತ್ ವಯರು ಬೆವರು ತೊಟ್ಟಿಕ್ಕುವ ಜಾಗದಲ್ಲಿ ಹಾದುಹೋಗದಿರಲಿ.

ಮೂರನೆಯದು, ಚೆನ್ನೈಯಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕಾದುದು, ತುಕ್ಕು. ಕಡಲಿನ ಉಪ್ಪುಗಾಳಿಯ ಜೊತೆಗೆ ಬೆವರಿನ ಉಪ್ಪೂ ಸೇರಿದರೆ ಹ್ಯಾಂಡಲಿನ ಬೋಲ್ಟುಗಳು, ಹಲ್ಲುಚಕ್ರಗಳು, ಚೈನು ಎಲ್ಲವೂ ಬೇಗ ಹಾಳಾಗುತ್ತವೆ. ಹ್ಯಾಂಡಲಿಗೆ ಸುತ್ತಿದ ಪಟ್ಟಿಯ ಅಡಿಯಲ್ಲಿ ಲೋಹ ಸವೆಯುತ್ತಿರುವುದು ಹೊರಗೆ ಕಾಣಿಸುವುದಿಲ್ಲ. ಅಂಥ ಸೈಕಲ್ಲನ್ನು ಮುಂದೊಂದು ದಿನ ರಸ್ತೆಗೆ ಇಳಿಸಿದಾಗ ಹ್ಯಾಂಡಲ್ ಮುರಿದರೆ ಪ್ರಾಣಾಪಾಯವೇ ಆದೀತು. ತುಳಿಯುವಾಗ ಹ್ಯಾಂಡಲಿನ ಮೇಲೊಂದು ಟವಲು ಹೊದಿಸಿ, ಮುಗಿದ ಮೇಲೆ ಒದ್ದೆ ಬಟ್ಟೆಯಿಂದಲೂ ಅನಂತರ ಒಣ ಬಟ್ಟೆಯಿಂದಲೂ ಒರೆಸುವುದಕ್ಕೆ ಎರಡು ನಿಮಿಷ ಸಾಕು.

ನಾಲ್ಕನೆಯದು ಸದ್ದು. ಸಮಾನವಾದ ಗುಂಯ್‌ಗುಡುವಿಕೆ ಸಹಜ. ತುಳಿತಕ್ಕೊಮ್ಮೆ ಬರುವ ‘ಕಟಕ್’ ಸದ್ದು ಸಾಮಾನ್ಯವಾಗಿ ಪೆಡಲ್, ಆಕ್ಸಲ್ ಅಥವಾ ಸಡಿಲವಾದ ಹಲ್ಲುಚಕ್ರದಿಂದ ಬರುತ್ತದೆ. ಬಿಗಿ ಮಾಡಿದರೆ ನಿಲ್ಲುತ್ತದೆ. ಗರಗರ ಎಂದು ಅರೆಯುವ ಸದ್ದು ದಿನದಿನಕ್ಕೆ ಹೆಚ್ಚುತ್ತಿದ್ದರೆ ಬೇರಿಂಗ್ ಸವೆದಿರಬಹುದು. ಜೋರಾಗಿ ತುಳಿದಾಗ ಕಾಲು ಜಾರಿದಂತಾದರೆ ಬೆಲ್ಟ್ ಸಡಿಲಾಗಿರುವ ಸಂಭವವುಂಟು. ಕೊನೆಯ ಎರಡಕ್ಕೆ ತಿಳಿದವರ ಕೈಯೇ ಬೇಕು. ಕೆಳಗಿನ ಮನೆಯವರಿಗೆ ಸದ್ದಿಗಿಂತ ನೆಲದ ಕಂಪನವೇ ಹೆಚ್ಚು ಬಾಧೆ ಕೊಡುತ್ತದೆ. ದಪ್ಪನೆಯ ರಬ್ಬರ್ ಹಾಸು ಹಾಕಿ, ಅವರಿಗೆ ಒಪ್ಪಿಗೆಯಾದ ಹೊತ್ತಿನಲ್ಲಿ ತುಳಿಯುವುದು ನೆರೆಹೊರೆಯ ಧರ್ಮ.

ಕೊಳ್ಳುವ ಮುನ್ನ

ಯಂತ್ರದ ತೂಕ ಹಲವು ವೇಳೆ 20 ಕಿಲೋ ಮುಟ್ಟುತ್ತದೆ. ಕೆಟ್ಟರೆ ಹೊರಗೆ ಒಯ್ಯುವುದು ಸುಲಭವಲ್ಲ. ಚೆನ್ನೈಯಲ್ಲೇ ರಿಪೇರಿಯ ಏರ್ಪಾಡು ಇದೆಯೇ, ಬೆಲ್ಟ್ ಮತ್ತು ಅಡಾಪ್ಟರ್ ಬಿಡಿಯಾಗಿ ದೊರೆಯುತ್ತವೆಯೇ ಎಂಬುದನ್ನು ವಿಚಾರಿಸಿಯೇ ಹಣ ಕೊಡಬೇಕು. ಅಟ್ಟೆಪೆಟ್ಟಿಗೆಯನ್ನು ಗ್ಯಾರಂಟಿ ಮುಗಿಯುವವರೆಗೆ ಎಸೆಯಬಾರದು. ಸೈಕಲ್ಲಿನ ಹಿಂದಿನ ಆಕ್ಸಲ್ ಮತ್ತು ಹಲ್ಲುಚಕ್ರಗಳ ಸಂಖ್ಯೆ ಯಂತ್ರಕ್ಕೆ ಹೊಂದಬೇಕು. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಚಕ್ರ ಕಳಚಿದ ಮೇಲೆ ಬ್ರೇಕನ್ನು ಒತ್ತಬಾರದು. ಒತ್ತಿದರೆ ಅದರ ಬಿಲ್ಲೆಗಳು ಕೂಡಿಕೊಂಡುಬಿಡುತ್ತವೆ.

ಮೊಮ್ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕಾಲು ನಿಂತ ಮೇಲೂ ಫ್ಲೈವೀಲ್ ಕೆಲಕಾಲ ತಿರುಗುತ್ತಲೇ ಇರುತ್ತದೆ. ಚೈನಿಗೂ ಚಕ್ರಕ್ಕೂ ಎಳೆಯ ಬೆರಳುಗಳು ಸಿಕ್ಕಿದರೆ ಆಗುವ ಅನಾಹುತ ದೊಡ್ಡದು. ಪಂಚೆಯ ಅಂಚು, ಸೀರೆಯ ಸೆರಗು, ದುಪಟ್ಟಾ ಇವೂ ಅಪಾಯಕಾರಿ. ತುಳಿಯುವ ಹೊತ್ತಿನಲ್ಲಿ ಮಕ್ಕಳು ಆ ಕೋಣೆಯಲ್ಲಿ ಇರದಂತೆ ನೋಡಿಕೊಳ್ಳಬೇಕು.

ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ತುಳಿದರೆ 150 ನಿಮಿಷ ತುಂಬುತ್ತದೆ. ಇಷ್ಟಕ್ಕೆ ದುಬಾರಿಯ ಸ್ಮಾರ್ಟ್ ಟ್ರೈನರೇ ಬೇಕೆಂದಿಲ್ಲ. ಸಾಧಾರಣ ವ್ಯಾಯಾಮದ ಸೈಕಲ್ಲೂ ಸಾಕು. ಪರದೆಯ ಮೇಲಿನ ಬೆಟ್ಟವೂ ಅಂಕಿಗಳೂ ಪ್ರತಿದಿನ ಕುಳಿತುಕೊಳ್ಳುವ ಉತ್ಸಾಹವನ್ನು ಕೊಡುವುದಾದರೆ ಹೆಚ್ಚಿನ ಬೆಲೆ ಸಾರ್ಥಕ. ಯಾವುದನ್ನು ಕೊಂಡರೂ, ಆರು ತಿಂಗಳ ಬಳಿಕ ಅದು ಬಟ್ಟೆ ಒಣಹಾಕುವ ಗೂಟವಾಗಿ ಪರಿಣಮಿಸದಂತೆ ನೋಡಿಕೊಳ್ಳುವುದು ಕೊಂಡವರ ಹೊಣೆ. ಯಂತ್ರದ ಚೇಷ್ಟೆಗಳನ್ನು ಅರಿತವರು ಅದರ ಮೇಲೆ ಮುನಿಸಿಕೊಂಡು ವ್ಯಾಯಾಮ ಬಿಡುವುದಿಲ್ಲ. ಅದರ ಅಂಕಿಗಳಿಗೆ ಮರುಳಾಗಿ ದೇಹದ ಎಚ್ಚರಿಕೆಯನ್ನು ಕಡೆಗಣಿಸುವುದೂ ಇಲ್ಲ.